ಸುರಂಗಕ್ಕೆ ಹೆಸರಿಲ್ಲ

ಅಂಕೋಲಾದಿಂದ ಕಾರವಾರಕ್ಕೆ ಬರುವ ರೈಲು ಹಾರವಾಡ ದಾಟಿ ಸುರಂಗ ಹೊಕ್ಕಿತು ಅಂದರೆ ಮೊಬೈಲುಗಳೆಲ್ಲ ಸುಮ್ಮನಾಗುತ್ತವೆ, ಮಕ್ಕಳು ಕೂಗೋದಕ್ಕೆ ಶುರು ಮಾಡುತ್ತವೆ. ಈ ವಾರ ನನ್ನೆದುರು ಕೂತ ಹುಡುಗ ಮಾತ್ರ ಕೂಗಲಿಲ್ಲ. "ಅಜ್ಜೀ, ಇದನ್ನ ಯಾರು ಕೊರೆದದ್ದು?" ಅಂತ ಕೇಳಿದ. "ಸರ್ಕಾರದವ್ರು" ಅಂದು ಅಜ್ಜಿ ಮಾತು ಮುಗಿಸಿದರು. ಬಾಗಿಲ ಹತ್ತಿರ ಖಾಲಿ ಮೀನುಬುಟ್ಟಿ ಇಟ್ಟುಕೊಂಡಿದ್ದ ಹೆಂಗಸಿಗೆ ಅದು ಒಪ್ಪಿಗೆಯಾಗಲಿಲ್ಲ. "ಸರ್ಕಾರ ಎಲ್ಲಿ ಬಂತು? ಈ ರೈಲಿನ ಸುರಂಗ ಎಷ್ಟೋ ನಮ್ಮ ಮುರುಡೇಶ್ವರದ ಶೆಟ್ರು ಮಾಡ್ಸಿದ್ದು. ನಮ್ಮನೆಯವ್ರೂ ಆಗ ಕೆಲಸಕ್ಕೆ ಹೋಗಿದ್ರು."

"ಗೋಪುರ ಕಟ್ಸಿದವ್ರಾ?" ಅಂದ ಹುಡುಗ.

"ಹೌದು, ಅವ್ರೇ."

ಆರ್. ಎನ್. ಶೆಟ್ಟರು. ಹುಟ್ಟಿದ್ದು 1928ರ ಆಗಸ್ಟ್ 15. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ಅವರಿಗೆ 19 ತುಂಬಿತ್ತು. ಕೃಷಿಕರ ಮನೆತನ. 1961ರಲ್ಲಿ ಶಿರಸಿಯಲ್ಲಿ ಸಣ್ಣದಾಗಿ ಗುತ್ತಿಗೆ ಕೆಲಸ ಶುರು ಮಾಡಿ, ಆಮೇಲೆ ಹುಬ್ಬಳ್ಳಿಗೆ ಹೋದರು. ಹಿಡಕಲ್, ಗೇರುಸೊಪ್ಪ, ನಮ್ಮ ಕಾಳಿ ಯೋಜನೆಯ ತಟ್ಟಿಹಳ್ಳ, ಈ ಅಣೆಕಟ್ಟುಗಳೆಲ್ಲ ಅವರ ಕೆಲಸ. ಹೋಟೆಲು, ಟೈಲ್ಸು, ಕಾರು ಮಾರಾಟ ಎಲ್ಲ ಆಮೇಲೆ ಬಂದದ್ದು.

ಗುತ್ತಿಗೆದಾರರನ್ನು ನಾವು ಹೊಗಳೋದು ಕಡಿಮೆ, ಕಾರಣಗಳೂ ಇರಬಹುದು ಬಿಡಿ. ಆದರೂ ಆ ಕೆಲಸವನ್ನೊಮ್ಮೆ ನೋಡಿ. ಟೆಂಡರು ಹಿಡಿಯಬೇಕು, ಜನ ಕೂಡಿಸಬೇಕು, ನಮ್ಮ ಕರಾವಳಿಯ ಮಳೆಯಲ್ಲಿ ಗುಡ್ಡ ಕೊರೆಯಬೇಕು, ಬಿಲ್ಲು ಪಾಸಾಗುವ ತನಕ ಕಾಯಬೇಕು. ಅಣೆಕಟ್ಟೆ ಮುಗಿದ ದಿನ ಮಂತ್ರಿಗಳ ಹೆಸರಿನ ಕಲ್ಲು ಕೂರುತ್ತದೆ. ಸುರಂಗಕ್ಕೆ ಅದೂ ಇಲ್ಲ, ಒಂದು ನಂಬರು ಅಷ್ಟೇ. ಒಳಗೆ ಹೊಕ್ಕವರಿಗೆಲ್ಲ ಯಾವಾಗ ಹೊರಗೆ ಬೀಳ್ತೇವೋ ಅನ್ನೋದೇ ಯೋಚನೆ.

ಇಂಥ ಕೆಲಸದಲ್ಲೇ ತಲೆ ಹಣ್ಣಾದ ಮನುಷ್ಯ ಹುಟ್ಟಿದೂರಿನ ಕಡಲಂಚಿಗೆ 123 ಅಡಿಯ ಶಿವನನ್ನು ಕೂರಿಸಿ, ಅದರೆದುರು 20 ಅಂತಸ್ತಿನ ಗೋಪುರ ಎತ್ತಿಸಿದರು. ಹೆಸರಿಗೋಸ್ಕರ ಮಾಡಿಸಿದ್ದು ಅನ್ನುವವರಿದ್ದಾರೆ. ಇರಲಿ ಅಲ್ಲವೇ? ಕಣ್ಣಿಗೆ ಬೀಳದ ಕೆಲಸ ಅಷ್ಟು ವರ್ಷ ಮಾಡಿದವರಿಗೆ ದೂರದಿಂದ ಕಾಣುವಂಥದ್ದೊಂದು ಬೇಕೆನಿಸಿದರೆ ನನಗೇನೂ ತಕರಾರಿಲ್ಲ. ಅದೇ ಊರಲ್ಲಿ ಅವರು ಮಾಡಿದ ಆಸ್ಪತ್ರೆಯೂ ಉಂಟು. ಅದರ ಮುಂದೆ ನಿಂತು ಯಾರೂ ಸೆಲ್ಫಿ ತೆಗೆಯೋದಿಲ್ಲ. ಆದರೆ ರಾತ್ರಿ ಎದೆನೋವು ಅಂದರೆ ಮಂಗಳೂರೋ ಮಣಿಪಾಲವೋ ಅಂತ ಆಂಬುಲೆನ್ಸ್ ಹತ್ತುವ ಜಿಲ್ಲೆ ನಮ್ಮದು. ಇಲ್ಲಿ ಒಂದು ಆಸ್ಪತ್ರೆಯ ಬೆಲೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ.

ಅಂಕೋಲೆಯವರು ಈಗ ದಿನಕರ ದೇಸಾಯರನ್ನು ನೆನೆಸಿಕೊಂಡಿರುತ್ತೀರಿ. ಅವರು ಉದ್ಯಮಿಯಲ್ಲ, ಚುಟುಕದ ಕವಿ, ಕಾರ್ಮಿಕರ ಪರ ನಿಂತವರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಶಾಲೆ ತೆರೆದರು, ಹಲವಕ್ಕೆ 'ಜನತಾ ವಿದ್ಯಾಲಯ' ಅಂತಲೇ ಹೆಸರು. 1966ರಲ್ಲಿ ಅಂಕೋಲೆಗೆ ಕಾಲೇಜು ತಂದಾಗ ಗೋಖಲೆಯವರ ಹೆಸರಿಟ್ಟರು. ಸ್ವಭಾವದಲ್ಲಿ ಒಬ್ಬರು ಒಂದು ದಿಕ್ಕು, ಇನ್ನೊಬ್ಬರು ಇನ್ನೊಂದು. ಆದರೂ ಇಬ್ಬರೂ ಜಿಲ್ಲೆಗೆ ಏನಾದರೂ ಕಟ್ಟಿಕೊಟ್ಟವರೇ.

ಶೆಟ್ಟರು 2020ರ ಡಿಸೆಂಬರಿನಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಎಂಜಿನಿಯರಿಂಗ್ ಕಾಲೇಜು ಸೇರಿದ ನಮ್ಮೂರ ಹುಡುಗಿಯನ್ನು ಎಲ್ಲಿ ಓದೋದು ಅಂತ ಕೇಳಿದೆ. "ಆರ್‌ಎನ್‌ಎಸ್" ಅಂದಳು. ಅಂಕೋಲೆಯ ಗೋಖಲೆ ಕಾಲೇಜಿನಲ್ಲಿ ಓದುವ ಅವಳ ತಮ್ಮ "ಜಿ.ಸಿ." ಅಂದ. ಇಬ್ಬರಿಗೂ ಬಸ್ಸಿನ ಹೊತ್ತಾಗಿತ್ತು.