ಓಟಗಾರನ ಹೊಸ್ತಿಲು

ನಸುಕಿನ ಐದು ಗಂಟೆಗೆ ಗೋಕಾಕದಿಂದ ಮೂಡಲಗಿಯ ಕಡೆಗೋ ಹುಕ್ಕೇರಿಯ ಕಡೆಗೋ ಹೊರಟವರಿಗೆ ಒಂದು ನೋಟ ಪರಿಚಿತವಾಗಿರುತ್ತದೆ. ಕಬ್ಬಿನ ಹೊಲಗಳ ನಡುವಿನ ರಸ್ತೆಯ ಅಂಚಿನಲ್ಲಿ ಇಬ್ಬರೋ ಮೂವರೋ ತರುಣರು ಓಡುತ್ತಿರುತ್ತಾರೆ. ಕೆಲವರಿಗೆ ಸೈನ್ಯ ಸೇರುವ ಆಸೆ, ಕೆಲವರಿಗೆ ಪೊಲೀಸ್ ಇಲಾಖೆಯ ಆಸೆ, ಒಬ್ಬಿಬ್ಬರಿಗೆ ಓಟದಲ್ಲಿಯೇ ಹೆಸರು ಮಾಡುವ ಹಂಬಲ. ಅವರಿಗೆ ಗುರುವಿಲ್ಲ, ಮೈದಾನವೂ ಹಲವರಿಗೆ ದೂರ. ಇರುವುದು ಎರಡು ಕಾಲು ಮತ್ತು ಹಟ.

ಅಂಥವರಲ್ಲಿ ಒಬ್ಬ ಹುಡುಗ ಮೊನ್ನೆ ನಮ್ಮ ಮನೆಗೆ ಬಂದಿದ್ದ. ಮೂಡಲಗಿಯ ಹತ್ತಿರದ ಹಳ್ಳಿಯವನು. ತಂದೆ ಎರಡು ಎಮ್ಮೆ ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿ ಮನೆ ನಡೆಸುವವರು. ಹುಡುಗ ಜಗುಲಿಯ ಮೇಲೆ ಕುಳಿತು ಮೊಣಕಾಲಿನ ಕೆಳಗಿನ ಎಲುಬನ್ನು ಒತ್ತಿಕೊಳ್ಳುತ್ತ ಹೇಳಿದ:

“ಕಾಕಾ, ದಿನಾ ಜೀವಾ ಒತ್ತಿಟ್ಟು ಓಡ್ತೀನ್ರಿ. ಮೊದಲ ತಿಂಗಳು ಟೈಮ್ ಇಳೀತು, ಈಗ ಮತ್ತ ಏರಾಕತ್ತೈತಿ. ಕೈಗೆ ಕಟ್ಟಿಕೊಂಡರ ಲ್ಯಾಕ್ಟೇಟ್ ಹೇಳೂ ವಾಚ್ ಬಂದಾವಂತ. ಒಂದ ತಗೋಬೇಕಂತೀನಿ.”

“ತಗೋ ತಮ್ಮಾ, ಬ್ಯಾಡ ಅನ್ನೂದಿಲ್ಲ. ಆದರ ಅದು ಏನ ಅಳೀತೈತಿ ಅನ್ನೂದು ಮೊದಲ ತಿಳಕೊಳ್ಳೂಣು” ಎಂದೆ.

ಆ ಗಡಿಯಾರದ ಬೆಲೆಯೆಂದರೆ ಅವನ ತಂದೆಯ ಹಲವು ತಿಂಗಳ ಹಾಲಿನ ಹಣ. ಆದುದರಿಂದ ಅವನಿಗೆ ಹೇಳಿದ್ದನ್ನೇ ಇಂದು ನಿಮ್ಮ ಮುಂದೆಯೂ ಇಡಬೇಕೆಂದು ನನಗೆ ಅನಿಸಿದೆ.

ಲ್ಯಾಕ್ಟೇಟ್ ಎಂಬ ಹೆಸರು ಹೊಸದಾಗಿ ಕೇಳಿಸಬಹುದು. ವಸ್ತು ಮಾತ್ರ ನಮ್ಮ ಅಡುಗೆಮನೆಯದೇ. ಮೊಸರಿನ ಹುಳಿಯಲ್ಲಿರುವ ಆಮ್ಲದ ಇನ್ನೊಂದು ರೂಪವೇ ಅದು. ಸ್ವೀಡನ್ನಿನ ಶೀಲೆ ಎಂಬ ವಿಜ್ಞಾನಿ 1780ರಲ್ಲಿ ಹುಳಿಹಾಲಿನಲ್ಲಿ ಈ ಆಮ್ಲವನ್ನು ಗುರುತಿಸಿದ. ಮುಂದೆ 19ನೆಯ ಶತಮಾನದ ಆರಂಭದಲ್ಲಿ ಬರ್ಜೀಲಿಯಸ್ ಅದನ್ನು ಪ್ರಾಣಿಗಳ ಸ್ನಾಯುಗಳಲ್ಲಿಯೂ ಕಂಡ. 1907ರಲ್ಲಿ ಇಂಗ್ಲೆಂಡಿನ ಫ್ಲೆಚರ್ ಮತ್ತು ಹಾಪ್‌ಕಿನ್ಸ್ ಕಪ್ಪೆಯ ಸ್ನಾಯುವನ್ನು ದುಡಿಸಿ, ದಣಿದ ಸ್ನಾಯುವಿನಲ್ಲಿ ಇದು ಸಂಗ್ರಹವಾಗುತ್ತದೆಂದು ತೋರಿಸಿದರು. ಆಗಿನಿಂದ ಬಹುಕಾಲ ಲ್ಯಾಕ್ಟೇಟ್ ಎಂದರೆ ದಣಿವಿನ ವಿಷ, ದೇಹದ ಕಸ ಎಂಬ ಭಾವನೆ ಬೇರೂರಿತು.

ಆ ಭಾವನೆ ಈಗ ಬದಲಾಗಿದೆ. ಅಮೆರಿಕದ ಜಾರ್ಜ್ ಬ್ರೂಕ್ಸ್ ಮೊದಲಾದವರು 1980ರ ದಶಕದಿಂದ ಮಾಡಿದ ಸಂಶೋಧನೆಗಳ ಫಲವಾಗಿ, ಲ್ಯಾಕ್ಟೇಟ್ ಕಸವಲ್ಲ, ಉರುವಲು ಎಂಬುದು ಸ್ಪಷ್ಟವಾಯಿತು. ಒಂದು ಸ್ನಾಯು ಹೊರಗೆ ಹಾಕಿದ ಲ್ಯಾಕ್ಟೇಟನ್ನು ಇನ್ನೊಂದು ಸ್ನಾಯು ಉರಿಸಿಕೊಳ್ಳುತ್ತದೆ, ಹೃದಯವೂ ಉರಿಸಿಕೊಳ್ಳುತ್ತದೆ, ಯಕೃತ್ತು ಅದನ್ನು ಮರಳಿ ಸಕ್ಕರೆಯಾಗಿ ಮಾಡುತ್ತದೆ. ಓಟದ ಮರುದಿನ ತೊಡೆ ನೋಯುವುದಕ್ಕೂ ಇದು ಕಾರಣವಲ್ಲ. ಓಟ ಮುಗಿದು ಸುಮಾರು ಒಂದು ತಾಸಿನಲ್ಲಿ ರಕ್ತದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಮರುದಿನದ ನೋವು ಸ್ನಾಯುವಿನ ಎಳೆಗಳಿಗೆ ಆದ ಸೂಕ್ಷ್ಮ ಪೆಟ್ಟಿನದು.

ಹಾಗಾದರೆ ಓಟಗಾರರು ಲ್ಯಾಕ್ಟೇಟನ್ನು ಅಳೆಯುವುದೇಕೆ? ಇದಕ್ಕೆ ಉತ್ತರ ಹುಕ್ಕೇರಿ ತಾಲೂಕಿನಲ್ಲಿಯೇ ಸಿಗುತ್ತದೆ. ಘಟಪ್ರಭೆಗೆ ಕಟ್ಟಿದ ಹಿಡಕಲ್ ಅಣೆಕಟ್ಟನ್ನು ನೀವು ನೋಡಿರಬಹುದು. ಮಳೆಗಾಲದಲ್ಲಿ ಘಟ್ಟದ ಕಡೆಯಿಂದ ನೀರು ಬರುತ್ತದೆ, ಇತ್ತ ನೀರನ್ನು ಹೊರಗೆ ಬಿಡುತ್ತಾರೆ. ಒಳಹರಿವು ಹೊರಹರಿವು ಸಮನಾಗಿರುವ ತನಕ ಜಲಾಶಯದ ಮಟ್ಟ ಏರುವುದಿಲ್ಲ. ಒಳಹರಿವು ಒಂದು ಮಿತಿಯನ್ನು ದಾಟಿತೆಂದರೆ ಗಂಟೆ ಗಂಟೆಗೂ ಮಟ್ಟ ಏರತೊಡಗುತ್ತದೆ.

ನಮ್ಮ ರಕ್ತವೂ ಹಾಗೆಯೇ. ಸುಮ್ಮನೆ ಕುಳಿತಾಗ ಒಂದು ಲೀಟರ್ ರಕ್ತದಲ್ಲಿ ಸುಮಾರು 1 ಮಿಲಿಮೋಲ್ ಲ್ಯಾಕ್ಟೇಟ್ ಇರುತ್ತದೆ. ಮೆಲ್ಲಗೆ ಓಡಿದರೆ ಅದು ಹೆಚ್ಚು ಏರುವುದಿಲ್ಲ; ಹುಟ್ಟಿದಷ್ಟೂ ಉರಿದುಹೋಗುತ್ತದೆ. ವೇಗ ಹೆಚ್ಚಿಸುತ್ತ ಹೋದಂತೆ ಒಂದು ಘಟ್ಟದಲ್ಲಿ, ಹುಟ್ಟುವ ಪ್ರಮಾಣವು ಉರಿಯುವ ಪ್ರಮಾಣವನ್ನು ಮೀರುತ್ತದೆ. ಅದೇ ಲ್ಯಾಕ್ಟೇಟ್ ಹೊಸ್ತಿಲು. ಅದರ ಈಚೆಗೆ ತಾಸುಗಟ್ಟಲೆ ಓಡಬಹುದು. ಆಚೆಗೆ ಕಾಲಿಟ್ಟರೆ ಕೆಲವೇ ನಿಮಿಷಗಳ ಆಟ. ಹೊಸ್ತಿಲು ಸುಮಾರು 4 ಮಿಲಿಮೋಲಿಗೆ ಇರುತ್ತದೆಂದು 1970ರ ದಶಕದಲ್ಲಿ ಜರ್ಮನ್ ಸಂಶೋಧಕರು ಲೆಕ್ಕ ಹಾಕಿದರು. ಆದರೆ ಅದು ಸರಾಸರಿಯ ಮಾತು. ಒಬ್ಬನಿಗೆ 3, ಇನ್ನೊಬ್ಬನಿಗೆ 5 ಆಗಬಹುದು. ಅಭ್ಯಾಸವಿಲ್ಲದವರ ಹೊಸ್ತಿಲು ಅವರ ಗರಿಷ್ಠ ಆಮ್ಲಜನಕ ಬಳಕೆಯ ಶೇಕಡಾ 50–60ರಲ್ಲಿಯೇ ಬಂದುಬಿಡುತ್ತದೆ. ಪಳಗಿದ ಓಟಗಾರರದು 80ನ್ನೂ ದಾಟುತ್ತದೆ. ಒಳ್ಳೆಯ ಅಭ್ಯಾಸವೆಂದರೆ ಕಾಲುವೆಯನ್ನು ಅಗಲ ಮಾಡಿದಂತೆ.

ಇದನ್ನು ಅಳೆಯುವ ನಂಬಿಕೆಯ ದಾರಿ ರಕ್ತಪರೀಕ್ಷೆ. ಓಟಗಾರನನ್ನು ಮೂರು ನಾಲ್ಕು ನಿಮಿಷ ಒಂದು ವೇಗದಲ್ಲಿ ಓಡಿಸುತ್ತಾರೆ. ಬೆರಳಿನಿಂದಲೋ ಕಿವಿಯ ಹಾಲೆಯಿಂದಲೋ ಒಂದು ಹನಿ ರಕ್ತ ತೆಗೆದು ನೋಡುತ್ತಾರೆ. ಮತ್ತೆ ವೇಗ ಹೆಚ್ಚಿಸುತ್ತಾರೆ. ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಬಳಸುವಂಥದೇ ಪುಟ್ಟ ಯಂತ್ರ ಇದಕ್ಕೂ ಉಂಟು.

ಪ್ರತಿ ಸಲ ಬೆರಳು ಚುಚ್ಚುವುದು ಬೇಡವೆಂದು ಮೈಮೇಲೆ ಧರಿಸುವ ಸಾಧನಗಳು ಬಂದಿವೆ. ಅವುಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ನಮ್ಮ ಹುಡುಗ ಕೇಳಿದ ಗಡಿಯಾರ. ಅದು ಲ್ಯಾಕ್ಟೇಟನ್ನು ಅಳೆಯುವುದೇ ಇಲ್ಲ. ಹೃದಯದ ಬಡಿತವನ್ನೂ ಓಟದ ವೇಗವನ್ನೂ ನೋಡಿ, ಹೊಸ್ತಿಲು ಇಲ್ಲಿರಬಹುದೆಂದು ಊಹಿಸುತ್ತದೆ. ಊಹೆ ಎಷ್ಟೋ ಸಲ ಹತ್ತಿರಕ್ಕೆ ಬರುತ್ತದೆ. ಆದರೆ ನಮ್ಮ ಕಡೆಯ ಏಪ್ರಿಲ್ ಮೇ ಬಿಸಿಲಿನಲ್ಲಿ ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯುತ್ತದೆ. ರಾತ್ರಿ ನಿದ್ದೆಗೆಟ್ಟರೂ ಬಡಿತ ಬದಲಾಗುತ್ತದೆ. ಮಣಿಕಟ್ಟಿನ ಪಟ್ಟಿ ಸಡಿಲಾದರಂತೂ ಬೆಳಕಿನ ಕಣ್ಣು ಹೃದಯದ ಬಡಿತ ಬಿಟ್ಟು ಹೆಜ್ಜೆಯ ಬಡಿತವನ್ನೇ ಎಣಿಸುವುದುಂಟು. ಎದೆಗೆ ಕಟ್ಟುವ ಪಟ್ಟಿ ಇದಕ್ಕಿಂತ ಮೇಲು.

ಎರಡನೆಯದು ಮೀನಖಂಡಕ್ಕೆ ಕಟ್ಟುವ ಸಾಧನ. ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕನ್ನು ಸ್ನಾಯುವಿನೊಳಕ್ಕೆ ಬಿಟ್ಟು, ಅಲ್ಲಿಯ ರಕ್ತದಲ್ಲಿ ಆಮ್ಲಜನಕ ಎಷ್ಟು ಉಳಿದಿದೆಯೆಂದು ಅದು ನೋಡುತ್ತದೆ. ಆಮ್ಲಜನಕ ಥಟ್ಟನೆ ಇಳಿಯುವ ವೇಗದ ಹತ್ತಿರವೇ ಹೊಸ್ತಿಲು ಇರಬೇಕೆಂಬ ತರ್ಕ. ಜಾಣ ಉಪಾಯವೇ ಸರಿ. ಆದರೆ ಚರ್ಮದ ಕೆಳಗಿನ ಕೊಬ್ಬಿನ ಪದರವೂ ಚರ್ಮದ ಬಣ್ಣವೂ ಆ ಬೆಳಕಿನ ದಾರಿಯಲ್ಲಿ ಅಡ್ಡ ಬರುತ್ತವೆ. ಬಿಸಿಲಿನಲ್ಲಿ ದುಡಿಯುವ ನಮ್ಮ ಮಕ್ಕಳ ಮಟ್ಟಿಗೆ ಇದು ಮರೆಯತಕ್ಕ ಮಾತಲ್ಲ.

ಮೂರನೆಯದು ಬೆವರಿನ ಪಟ್ಟಿ. ಇದು ಮಾತ್ರ ನಿಜವಾಗಿ ಲ್ಯಾಕ್ಟೇಟನ್ನು ಮುಟ್ಟುತ್ತದೆ. ಪಟ್ಟಿಯಲ್ಲಿರುವ ಒಂದು ಕಿಣ್ವವು ಬೆವರಿನ ಲ್ಯಾಕ್ಟೇಟಿನೊಡನೆ ಕೂಡಿ ಕ್ರಿಯೆ ನಡೆಸಿದಾಗ ಅತಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಪ್ರವಾಹ ಹೆಚ್ಚಾದಷ್ಟೂ ಲ್ಯಾಕ್ಟೇಟ್ ಹೆಚ್ಚು. ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋದ ಸಂಶೋಧಕರು 2013ರಲ್ಲಿ ಇದನ್ನು ಹಚ್ಚೆಯಂತೆ ಚರ್ಮಕ್ಕೆ ಅಂಟಿಸಿ ತೋರಿಸಿದರು. 2016ರಲ್ಲಿ ಬರ್ಕ್‌ಲಿಯವರು ಲ್ಯಾಕ್ಟೇಟ್, ಸಕ್ಕರೆ, ಉಪ್ಪಿನಂಶ ಮೊದಲಾದವನ್ನು ಒಟ್ಟಿಗೇ ಅಳೆಯುವ ಕೈಪಟ್ಟಿಯನ್ನು ಮಾಡಿದರು. ಇಲ್ಲಿಯೂ ಒಂದು ತೊಡಕಿದೆ. ಬೆವರಿನ ಗ್ರಂಥಿ ತಾನೂ ದುಡಿಯುತ್ತದೆ, ತಾನೂ ಲ್ಯಾಕ್ಟೇಟ್ ಹುಟ್ಟಿಸುತ್ತದೆ. ಆದ್ದರಿಂದ ಬೆವರಿನ ಲ್ಯಾಕ್ಟೇಟ್ ರಕ್ತದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಒಂದನ್ನು ನೋಡಿ ಇನ್ನೊಂದನ್ನು ನೇರವಾಗಿ ಹೇಳಲಾಗದು. ಚರ್ಮದಡಿಯ ದ್ರವವನ್ನು ತಲುಪುವ ಕೂದಲಿಗಿಂತ ಸಣ್ಣ ಮೊನೆಯ ಸೂಜಿಗಳ ಮೇಲೂ ಪ್ರಯೋಗ ನಡೆದಿದೆ. ಭರವಸೆ ಇಡಬೇಕಾದ ದಾರಿ ಅದು.

ಇಷ್ಟು ಹೇಳಿದ ಮೇಲೆ ಹುಡುಗನ ಮುಖ ಸಪ್ಪಗಾಯಿತು. “ಹಂಗಾರ ನಾ ಏನ ಮಾಡ್ಲಿರಿ?” ಎಂದ.

ಅವನ ತೊಂದರೆ ಗಡಿಯಾರ ಇಲ್ಲದಿರುವುದಲ್ಲ. ದಿನವೂ ಹೊಸ್ತಿಲು ದಾಟಿ ಓಡುವುದು. ಹಗಲಿರುಳು ಮಹಾಪೂರ ಬಂದರೆ ಯಾವ ಕಾಲುವೆಯನ್ನು ದುರಸ್ತಿ ಮಾಡಲಾದೀತು? ಸೈನ್ಯದ 1.6 ಕಿಲೋಮೀಟರ್ ಓಟವನ್ನು ಹೊಸ್ತಿಲಿನ ಆಚೆಗೇ ಓಡಬೇಕು, ಅದು ನಿಜ. ಆದರೆ ಆ ಓಟಕ್ಕೆ ಬಲ ಬರುವುದು ಹೊಸ್ತಿಲಿನ ಈಚೆಗಿನ ದುಡಿಮೆಯಿಂದ.

ಹೊಸ್ತಿಲನ್ನು ದುಡ್ಡಿಲ್ಲದೆ ಕಂಡುಕೊಳ್ಳುವ ಎರಡು ಉಪಾಯಗಳನ್ನು ಹೇಳಿದೆ. ಒಂದು, ಮಾತಿನ ಪರೀಕ್ಷೆ. ಓಡುತ್ತ ಜೊತೆಗಾರನೊಡನೆ ಪೂರಾ ವಾಕ್ಯ ಆಡುವಂತಿದ್ದರೆ ಹೊಸ್ತಿಲಿನ ಈಚೆಗೆ ಇದ್ದೀ. ಒಂದೆರಡು ಶಬ್ದಕ್ಕೇ ಏದುಸಿರು ಬಂದರೆ ಆಚೆಗೆ. ಎರಡನೆಯದು, ಅರ್ಧ ತಾಸಿನ ಓಟ. ಸಮತಟ್ಟಾದ ರಸ್ತೆಯಲ್ಲಿ, ತಂಪು ಹೊತ್ತಿನಲ್ಲಿ, 30 ನಿಮಿಷ ಒಂದೇ ಸಮನಾಗಿ ಎಷ್ಟು ಜೋರಾಗಿ ಓಡಬಲ್ಲೆಯೋ ಅಷ್ಟು ಓಡು. ಆ ವೇಗ ನಿನ್ನ ಹೊಸ್ತಿಲಿಗೆ ಸಮೀಪದ್ದು. ವಾರದ ಹೆಚ್ಚಿನ ದಿನ ಮಾತಾಡುತ್ತ ಓಡು. ಒಂದೋ ಎರಡೋ ದಿನ ಹೊಸ್ತಿಲಿನ ವೇಗದಲ್ಲಿ 8 ನಿಮಿಷದ ಮೂರು ಓಟ, ನಡುವೆ ಎರಡು ನಿಮಿಷ ವಿಶ್ರಾಂತಿ. ಒಂದು ದಿನ ಪೂರ್ತಿ ಬಿಡುವು. ಮೊದಲು ಎಲುಬಿನ ನೋವನ್ನು ವೈದ್ಯರಿಗೆ ತೋರಿಸು. ಅದು ಮಾಯುವ ತನಕ ಓಡಬೇಡ.

ಇನ್ನು ಹಿರಿಯರಿಗೊಂದು ಮಾತು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರ ಹೆಸರನ್ನು ನಾವು ಇಷ್ಟು ಬೇಗ ಮರೆಯಬಾರದಿತ್ತು. 1920ರ ಆ್ಯಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ 42.75 ಕಿಲೋಮೀಟರಿನ ಮ್ಯಾರಥಾನನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ ಅವರು 19ನೆಯವರಾದರು. ಅವರ ಕಾಲದಲ್ಲಿ ಪುಣೆಯ ಪಂದ್ಯಗಳಲ್ಲಿ ರೈತರ ಮಕ್ಕಳು ಬರಿಗಾಲಿನಲ್ಲಿ ಓಡಿದ್ದನ್ನು ಕಂಡೇ ದೊರಾಬ್ಜಿ ಟಾಟಾ ಅವರು ಭಾರತದ ತಂಡವನ್ನು ಕಳಿಸಲು ಮುಂದಾದದ್ದು. ಯಾವ ಸಾಧನವೂ ಇಲ್ಲದೆ ಅವರು ಓಡಲಿಲ್ಲವೇ ಎಂದು ಕೇಳುವವರಿದ್ದಾರೆ. ಓಡಿದರು. ಆದರೆ ಹಾಗೆ ಓಡಿ, ದಾರಿ ತಿಳಿಯದೆ, ಕಾಲು ಕೆಡಿಸಿಕೊಂಡು ಮನೆಗೆ ಮರಳಿದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಬಡವರ ಮಕ್ಕಳು ಒಬ್ಬೊಬ್ಬರೂ ಸಾಲ ಮಾಡಿ ಗಡಿಯಾರ ಕೊಳ್ಳಬೇಕಾಗಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳಿಗೆ ರಕ್ತದ ಹನಿ ನೋಡುವ ಒಂದೊಂದು ಯಂತ್ರ, ಅದನ್ನು ಶುಚಿಯಾಗಿ ಬಳಸಬಲ್ಲ ಒಬ್ಬೊಬ್ಬ ತರಬೇತುದಾರ, ವರ್ಷಕ್ಕೆ ಮೂರು ನಾಲ್ಕು ಪರೀಕ್ಷಾ ದಿನಗಳು—ಇಷ್ಟಾದರೆ ನೂರಾರು ಹುಡುಗ ಹುಡುಗಿಯರಿಗೆ ತಮ್ಮ ಹೊಸ್ತಿಲು ಗೊತ್ತಾಗುತ್ತದೆ. ಮಾರ್ಗದ ಮೇಲೆ ಓಡುವ ಮಕ್ಕಳನ್ನು ಕಂಡು ಭೇಷ್ ಅನ್ನುವ ಊರಿನ ಪ್ರಮುಖರು ಇಷ್ಟನ್ನು ಕೂಡಿ ಮಾಡಬಾರದೇ?

ಆ ಹುಡುಗ ಏಳುವ ಮೊದಲು ನಮ್ಮ ಮನೆಯವರು ಅವನ ಕೈಗೆ ಒಂದು ತುಂಡು ಕರದಂಟು ಇಟ್ಟರು. ತಿನ್ನುತ್ತ ಕೇಳಿದ: “ಕಾಕಾ, ಮಾತಾಡಕೋತ ಓಡಂದ್ರಿ. ನಾ ಒಬ್ಬನ ಓಡಾಂವ, ಯಾರ ಜೋಡಿ ಮಾತಾಡ್ಲಿ?”

ನಾನು ಹೇಳಿದೆ: “ಊರಾಗ ಇನ್ನೊಬ್ಬನ್ನ ಎಬ್ಬಿಸ್ಕೊಂಡು ಹೋಗೋ ತಮ್ಮಾ.”