ನೋವನ್ನು ನುಂಗಬೇಡಿ, ಬಣ್ಣವನ್ನು ಗಮನಿಸಿ

(ಕನ್ನಡ ಅವಧಿಯಲ್ಲಿ ಪ್ರಸಾರವಾದ ಭಾಷಣದ ಪೂರ್ಣಪಾಠ)



ಇಂದಿನ ವಿಷಯ ಕೇಳಿದ ಕೂಡಲೇ ನಿಮ್ಮಲ್ಲಿ ಕೆಲವರು ರೇಡಿಯೋದ ಸದ್ದು ತಗ್ಗಿಸಬಹುದು. ದಯವಿಟ್ಟು ತಗ್ಗಿಸಬೇಡಿ. ಮನೆಯಲ್ಲಿ ಗಂಡಸರಿದ್ದರೆ ಅವರೂ ಕೇಳಲಿ. ಪಂಪಿನಿಂದ ಎದೆಹಾಲು ತೆಗೆಯುವಾಗ ಕೆಲವು ತಾಯಂದಿರಿಗೆ ಮೊಲೆತೊಟ್ಟು ನೋಯುತ್ತದೆ, ಅದರ ಬಣ್ಣವೂ ಬದಲಾಗುತ್ತದೆ. ಅದರ ಬಗ್ಗೆ ನಾಲ್ಕು ಮಾತು ಹೇಳಲು ಬಂದಿದ್ದೇನೆ. ನಾನು ಬಹಳ ವರ್ಷ ಬಾಣಂತಿಯರ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡಿದವಳು. ಡಾಕ್ಟರ ಮುಂದೆ ಕೂತು, ತಲೆ ತಗ್ಗಿಸಿ, 'ಅಲ್ಲಿ ನೋವು' ಎಂದಷ್ಟೇ ಹೇಳಿ ಎದ್ದು ಬಂದ ಹುಡುಗಿಯರನ್ನು ಎಷ್ಟೋ ಮಂದಿ ನೋಡಿದ್ದೇನೆ. ಎಲ್ಲಿ ಎಂದು ಹೇಳದ ನೋವಿಗೆ ಮದ್ದು ಸಿಗುವುದು ಕಷ್ಟ. ಆದ್ದರಿಂದ ಇವತ್ತು ನಾವು ಸಂಕೋಚ ಬಿಟ್ಟು ಮಾತಾಡೋಣ.

ಸ್ವಲ್ಪ ಕಾಲದ ಹಿಂದೆ ಒಂದು ರಾತ್ರಿ ಪರಿಚಯದ ಹುಡುಗಿಯೊಬ್ಬಳು ಫೋನ್ ಮಾಡಿದಳು. ಹುಬ್ಬಳ್ಳಿಯವಳು, ಇಲ್ಲಿ ಮುಂಬಯಿಯ ಒಂದು ಆಫೀಸಿನಲ್ಲಿ ಕೆಲಸ. ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಬಂದು, ರಜೆ ತೀರಿದ ಮೇಲೆ ಕೆಲಸಕ್ಕೆ ಹೋಗತೊಡಗಿದ್ದಳು. ಮಗು ಮನೆಯಲ್ಲಿ ಅತ್ತೆಯ ಹತ್ತಿರ. ಆಫೀಸಿನಲ್ಲಿ ಹಳೆಯ ಫೈಲುಗಳನ್ನಿಡುವ ಕೋಣೆಯಲ್ಲಿ ಕೂತು ದಿನಕ್ಕೆ ಎರಡು ಸಲ ಪಂಪಿನಿಂದ ಹಾಲು ತೆಗೆದು ಮನೆಗೆ ಒಯ್ಯುತ್ತಿದ್ದಳು.

"ಮೌಶಿ, ಪಂಪ್ ತೆಗದ ಕೂಡ್ಲೆ ತುದಿ ಬೆಳ್ಳಗ ಆಗ್ತದ್ರಿ. ಆಮ್ಯಾಲೆ ನೀಲಿ ಆಗ್ತದ. ಸೂಜಿ ಚುಚ್ಚಿಧಂಗ ಉರೀತದ. ನಾಳಿಂದ ಎಲ್ಲಾ ಬಿಟ್ಟಬಿಡ್ತೇನ್ರಿ" ಎಂದು ಅತ್ತಳು. ಎರಡು ವಾರದಿಂದ ಹೀಗೇ ನಡೆದಿತ್ತಂತೆ. ತಾಯಿಗೆ ಹೇಳಿದ್ದಕ್ಕೆ ಆಕೆ, "ಹಡದಾಕಿ ಇಷ್ಟರೆ ತಡಕೋಬೇಕವಾ" ಅಂದರಂತೆ.

ಆ ತಾಯಿಯನ್ನು ನಾನು ದೂರುವುದಿಲ್ಲ. ಅವರ ಕಾಲದಲ್ಲಿ ಮೊದಲ ವಾರ ತೊಟ್ಟು ನೋಯುತ್ತಿತ್ತು. ಮಗು ಸರಿಯಾಗಿ ಬಾಯಿ ಹಾಕುವುದನ್ನು ಕಲಿತ ಮೇಲೆ ನೋವು ತಾನಾಗಿ ಹೋಗುತ್ತಿತ್ತು. ತಡೆದುಕೊಂಡವರಿಗೆ ಸುಖ ಸಿಕ್ಕಿತು, ಅದಕ್ಕೇ ತಡೆದುಕೋ ಎಂದರು. ಆದರೆ ಮಗು ದಿನದಿನಕ್ಕೆ ಕಲಿಯುತ್ತದೆ, ಪಂಪು ಕಲಿಯುವುದಿಲ್ಲ. ಅದನ್ನು ನಮ್ಮ ಮೈಗೆ ನಾವೇ ಹೊಂದಿಸಿಕೊಳ್ಳಬೇಕು. ಹೊಂದಿಸದೆ ತಡೆದುಕೊಂಡರೆ ನೋವು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಪಂಪು ಶುರು ಮಾಡಿದಾಗ ಒಂದೆರಡು ಕ್ಷಣ ಎಳೆದ ಹಾಗೆ ಅನಿಸುವುದು ಸಹಜ. ಹಾಲು ತೆಗೆಯುವಷ್ಟು ಹೊತ್ತೂ ನೋಯುತ್ತಿದ್ದರೆ, ತೆಗೆದ ಮೇಲೂ ನೋವು ಉಳಿದರೆ, ಎಲ್ಲೋ ಏನೋ ಸರಿಯಿಲ್ಲ ಎಂದು ತಿಳಿಯಿರಿ.

ಮೊದಲು ನೋಡಬೇಕಾದದ್ದು ಅಳತೆ. ಪಂಪಿನಲ್ಲಿ ಎದೆಗೆ ಹಚ್ಚುವ, ಲಾಳಿಕೆಯಂಥ ಒಂದು ಭಾಗವಿದೆ. ಅಂಗಡಿಯವರು ಅದನ್ನು ಫ್ಲ್ಯಾಂಜ್ ಎನ್ನುತ್ತಾರೆ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 24 ಮಿಲಿಮೀಟರ್ ಅಥವಾ ಅದರ ಆಸುಪಾಸಿನ ಅಳತೆಯದು ಬಂದಿರುತ್ತದೆ. ಎಲ್ಲರ ಕಾಲಿಗೂ ಒಂದೇ ಅಳತೆಯ ಚಪ್ಪಲಿ ಆಗುತ್ತದೆಯೇ? ಇದೂ ಹಾಗೆಯೇ. ಒಂದು ಸ್ಕೇಲು ಹಿಡಿದು ತೊಟ್ಟಿನ ಅಗಲವನ್ನು ಮಾತ್ರ ಅಳೆಯಿರಿ, ಸುತ್ತಲಿನ ಕಪ್ಪು ವೃತ್ತವನ್ನು ಸೇರಿಸಬೇಡಿ. ಆ ಅಳತೆಗಿಂತ 1ರಿಂದ 3 ಮಿಲಿಮೀಟರ್ ಹೆಚ್ಚಿರುವ ಕೊಳವೆ ಹಲವರಿಗೆ ಹೊಂದುತ್ತದೆ. ಎರಡೂ ಕಡೆ ಅಳತೆ ಒಂದೇ ಇರಬೇಕೆಂದೇನೂ ಇಲ್ಲ, ಬೇರೆ ಬೇರೆಯಾಗಿ ಅಳೆಯಿರಿ.

ಕೊಳವೆ ಬಿಗಿಯಾಗಿದ್ದರೆ ತೊಟ್ಟು ಅದರ ಗೋಡೆಗೆ ಉಜ್ಜುತ್ತದೆ. ಬುಡದಲ್ಲಿ ಅದುಮಿದ ಗುರುತು ಬೀಳುತ್ತದೆ, ರಕ್ತ ಹರಿಯದೆ ತುದಿ ಬಿಳಿಚಿಕೊಳ್ಳುತ್ತದೆ. ಕೊಳವೆ ದೊಡ್ಡದಾಗಿದ್ದರೆ ಸುತ್ತಲಿನ ಕಪ್ಪು ಚರ್ಮವೂ ಒಳಗೆ ಸೆಳೆದು ಬಾತುಕೊಳ್ಳುತ್ತದೆ, ಹಾಲೂ ಸರಿಯಾಗಿ ಇಳಿಯುವುದಿಲ್ಲ. ಸರಿಯಾದ ಅಳತೆಯಲ್ಲಿ ತೊಟ್ಟು ಕೊಳವೆಯ ನಡುವೆ ಸಲೀಸಾಗಿ ಹಿಂದೆ ಮುಂದೆ ಆಡುತ್ತದೆ. ಬೇರೆ ಅಳತೆಯ ಫ್ಲ್ಯಾಂಜ್ ಬಿಡಿಯಾಗಿ ಸಿಗುತ್ತದೆ. ದೊಡ್ಡದನ್ನು ಚಿಕ್ಕದು ಮಾಡುವ ರಬ್ಬರಿನಂಥ ಒಳತುಂಡುಗಳೂ ಸಿಗುತ್ತವೆ. ಹೊಸ ಪಂಪೇ ಬೇಕಾಗಿಲ್ಲ.

ಎರಡನೆಯದು ಪಂಪಿನ ಸೆಳೆತದ ಜೋರು. ಜೋರು ಹೆಚ್ಚಿಸಿದರೆ ಹಾಲು ಹೆಚ್ಚು ಬರುತ್ತದೆ, ಬೇಗ ಮುಗಿಸಿ ಮೀಟಿಂಗಿಗೆ ಓಡಬಹುದು ಎಂದು ನಮ್ಮ ಹುಡುಗಿಯರು ಗುಂಡಿಯನ್ನು ಕೊನೆಯ ತನಕ ತಿರುಗಿಸುತ್ತಾರೆ. ಊರಿನಲ್ಲಿ ಹಸು ಕರೆಯುವುದನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಕರುವನ್ನು ಬಿಡದೆ, ಕೆಚ್ಚಲು ಸವರದೆ, ಬರಿದೇ ಎಳೆದರೆ ಹಸು ತೊರೆ ಬಿಡುತ್ತದೆಯೇ? ಒದೆಯುತ್ತದೆ. ನಮ್ಮ ದೇಹವೂ ಹಾಗೆಯೇ. ಮಗುವಿನ ಫೋಟೋ ನೋಡಿ, ಅದರ ಅಂಗಿಯ ವಾಸನೆ ತಗೊಳ್ಳಿ, ಎದೆಯನ್ನು ಮೆಲ್ಲಗೆ ಸವರಿ. ಕಡಿಮೆ ಜೋರಿನಲ್ಲಿ ಶುರು ಮಾಡಿ. ಹಾಲು ಇಳಿಯತೊಡಗಿದ ಮೇಲೆ ಸ್ವಲ್ಪ ಸ್ವಲ್ಪ ಏರಿಸಿ. ನೋವು ಅನಿಸಿದ ಕಡೆ ಒಂದು ಮೆಟ್ಟಿಲು ಕೆಳಗಿಳಿಸಿ, ಅಲ್ಲೇ ನಿಲ್ಲಿಸಿ. ಸಾಮಾನ್ಯವಾಗಿ ಒಂದು ಸಲಕ್ಕೆ 15ರಿಂದ 20 ನಿಮಿಷ ಸಾಕು. ಹಾಲು ನಿಂತ ಮೇಲೂ ಇನ್ನೊಂದು ಹನಿಗಾಗಿ ಎಳೆಯುತ್ತಾ ಕೂರಬೇಡಿ.

ಇನ್ನು ಬಣ್ಣದ ವಿಚಾರ. ಬಸಿರಿನಲ್ಲಿ ತೊಟ್ಟು ಮತ್ತು ಸುತ್ತಲಿನ ವೃತ್ತ ಹೆಚ್ಚು ಕಪ್ಪಾಗುವುದು ಸಹಜ. ಅದಕ್ಕೆ ಚಿಂತೆ ಬೇಡ. ನಾನು ಹೇಳುತ್ತಿರುವುದು ಪಂಪು ಮಾಡಿದ ಮೇಲೆ ಕಾಣುವ ಬದಲಾವಣೆ. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ, ಬಿಳಿಚಿದ್ದು ಬೂದಿಬಣ್ಣದಂತೆ ಕಾಣಬಹುದು. ಆದ್ದರಿಂದ ಒಳ್ಳೆಯ ಬೆಳಕಿನಲ್ಲಿ, ಪಂಪು ಮಾಡುವ ಮೊದಲು ಒಮ್ಮೆ, ತೆಗೆದ ಕೂಡಲೇ ಒಮ್ಮೆ ನೋಡಿಕೊಳ್ಳಿ.

ತುದಿ ಬೆಳ್ಳಗಾಗಿ, ಆಮೇಲೆ ನೀಲಿಯಾಗಿ, ಕಡೆಗೆ ಕೆಂಪಾಗಿ, ಅದರ ಜೊತೆಗೆ ಉರಿ, ಚುಚ್ಚುವಿಕೆ ಇದ್ದರೆ, ಅಲ್ಲಿನ ಸಣ್ಣ ರಕ್ತನಾಳಗಳು ಮುದುಡಿಕೊಳ್ಳುತ್ತಿವೆ ಎಂದು ಅರ್ಥ. ಕೆಲವರಿಗೆ ಚಳಿಯಲ್ಲಿ ಕೈಬೆರಳುಗಳು ಹೀಗೇ ಬಿಳಿಚುತ್ತವೆ. ಫ್ರಾನ್ಸಿನ ರೇನೋ ಎಂಬ ವೈದ್ಯರು ಇದನ್ನು 1862ರಲ್ಲಿ ವಿವರಿಸಿದರು, ಅವರ ಹೆಸರೇ ಈ ತೊಂದರೆಗೆ ನಿಂತಿದೆ. ಮೊಲೆತೊಟ್ಟಿನಲ್ಲಿ ಇದನ್ನು ಕೆರಳಿಸುವುದು ಎರಡು: ಒಂದು ಪೆಟ್ಟು, ಇನ್ನೊಂದು ತಂಪು. ಫೋನ್ ಮಾಡಿದ ಹುಡುಗಿಗೆ ಎರಡೂ ಸೇರಿದ್ದವು. ಕೊಳವೆ ಬಿಗಿ, ಮೇಲೆ ಆ ಫೈಲಿನ ಕೋಣೆಯಲ್ಲಿ ತಲೆಯ ಮೇಲೆಯೇ ಏಸಿ. ಒದ್ದೆ ತೊಟ್ಟಿಗೆ ತಣ್ಣನೆಯ ಗಾಳಿ ಬಡಿದರೆ ಇನ್ನೇನಾದೀತು?

ಇದಕ್ಕೆ ಮದ್ದು ಬಿಸುಪು. ಪಂಪು ತೆಗೆದ ಕೂಡಲೇ ಮೆತ್ತಗೆ ಒರೆಸಿ, ಒಣ ಬಟ್ಟೆಯಿಂದ ಮುಚ್ಚಿ. ಅಂಗೈಯನ್ನು ಮೇಲಿಟ್ಟುಕೊಂಡರೂ ಸರಿ, ಹದವಾಗಿ ಕಾಯಿಸಿದ ಒಣ ಬಟ್ಟೆಯಾದರೂ ಸರಿ. ಒಂದು ಶಾಲು ಆಫೀಸಿನಲ್ಲೇ ಇಟ್ಟುಕೊಳ್ಳಿ. ಈ ತೊಂದರೆಗೆ ಮಂಜುಗಡ್ಡೆ ಬೇಡ. ಸಿಗರೇಟಿನ ಅಭ್ಯಾಸ ಇದ್ದರೆ ಅದು ರಕ್ತನಾಳಗಳನ್ನು ಇನ್ನಷ್ಟು ಮುದುಡಿಸುತ್ತದೆ. ಇಷ್ಟೆಲ್ಲ ಮಾಡಿಯೂ ಕಡಿಮೆಯಾಗದಿದ್ದರೆ ಡಾಕ್ಟರ ಹತ್ತಿರ ಇದಕ್ಕೆ ಮಾತ್ರೆಯಿದೆ, ಕೇಳಿ ತೆಗೆದುಕೊಳ್ಳಿ.

ಬುಡದ ಸುತ್ತ ನೇರಳೆ ಬಣ್ಣ, ಪೆಟ್ಟು ಬಿದ್ದು ಕಂದಿದ ಹಾಗೆ ಕಂಡರೆ ಜೋರು ಹೆಚ್ಚಾಗಿದೆ, ಇಲ್ಲವೇ ಅಳತೆ ತಪ್ಪಿದೆ. ತೊಟ್ಟು ಬಿರಿದು ಹಾಲು ಗುಲಾಬಿ ಬಣ್ಣವಾಗಿ ಬಂದರೆ ಗಾಬರಿಯಾಗಿ ಚೆಲ್ಲಬೇಡಿ. ಬಿರುಕಿನಿಂದ ಬಂದ ಸ್ವಲ್ಪ ರಕ್ತದಿಂದ ಮಗುವಿಗೆ ಸಾಮಾನ್ಯವಾಗಿ ಕೆಡುಕಾಗುವುದಿಲ್ಲ. ಬಿರುಕು ಯಾಕಾಯಿತು ಎಂದು ಹುಡುಕಿ, ಕೆಲವೇ ದಿನಗಳಲ್ಲಿ ನಿಲ್ಲದಿದ್ದರೆ ತೋರಿಸಿ. ತೊಟ್ಟಿನ ತುದಿಯಲ್ಲಿ ಬಿಳಿ ಚುಕ್ಕೆಯೊಂದೇ ಕಂಡರೆ ಸೂಜಿಯಿಂದ ಕೆದಕಬೇಡಿ. ತೊಟ್ಟು ಹೊಳೆಯುವ ಗುಲಾಬಿ ಬಣ್ಣಕ್ಕೆ ತಿರುಗಿ, ಹೊಟ್ಟು ಏಳುತ್ತಾ, ತುರಿಕೆ ಅಥವಾ ಉರಿಯಿದ್ದರೆ ಚರ್ಮದ ಅಲರ್ಜಿಯೋ ಬೂಷ್ಟಿನ ಸೋಂಕೋ ಇರಬಹುದು. ಮಗುವಿನ ಬಾಯೊಳಗೂ ಬಿಳಿ ಪದರ ಇದೆಯೇ ನೋಡಿ, ಇಬ್ಬರನ್ನೂ ಒಟ್ಟಿಗೆ ಡಾಕ್ಟರಿಗೆ ತೋರಿಸಿ.

ಆರೈಕೆಯ ಬಗ್ಗೆ ಎರಡು ಮಾತು. ತೊಟ್ಟಿಗೆ ಸೋಪು, ಸ್ಪಿರಿಟ್ ಹಚ್ಚಿ ಉಜ್ಜಬೇಡಿ, ಚರ್ಮ ಇನ್ನೂ ಒಣಗಿ ಬಿರಿಯುತ್ತದೆ. ಕೊನೆಯ ನಾಲ್ಕು ಹನಿ ನಿಮ್ಮದೇ ಹಾಲನ್ನು ಸವರಿ ಒಣಗಲು ಬಿಡಿ. ಔಷಧಿ ಅಂಗಡಿಯಲ್ಲಿ ಸಿಗುವ ಶುದ್ಧ ಲ್ಯಾನೋಲಿನ್ ಮುಲಾಮು ತೆಳ್ಳಗೆ ಹಚ್ಚಬಹುದು. ಅದನ್ನು ಕುರಿಯ ಉಣ್ಣೆಯಿಂದ ತೆಗೆಯುತ್ತಾರೆ, ಉಣ್ಣೆಯ ಅಲರ್ಜಿ ಇದ್ದವರಿಗೆ ಬೇಡ. ಒದ್ದೆಯಾದ ಪ್ಯಾಡನ್ನು ಕೂಡಲೇ ಬದಲಿಸಿ. ನೋವೆಂದು ಪಂಪನ್ನು ದಿಢೀರನೆ ನಿಲ್ಲಿಸಿದರೆ ಹಾಲು ಕಟ್ಟಿ ಎದೆ ಕಲ್ಲಾಗುತ್ತದೆ. ಅದಕ್ಕೆ ಬದಲು ಒಂದೆರಡು ದಿನ ಕೈಯಿಂದ ಹಾಲು ಹಿಂಡಿ ತೆಗೆಯಿರಿ. ತೊಟ್ಟನ್ನು ಎಳೆಯದೆ, ಕಪ್ಪು ವೃತ್ತದ ಅಂಚಿನ ಹೊರಗೆ ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಇಟ್ಟು, ಎದೆಗೂಡಿನ ಕಡೆಗೆ ಒತ್ತಿ ಮೆಲ್ಲಗೆ ಹಿಂಡಬೇಕು. ಕರೆಂಟೂ ಬೇಡ, ಬ್ಯಾಟರಿಯೂ ಬೇಡ.

ಕೆಲವು ಲಕ್ಷಣಗಳಿಗೆ ಕಾಯಬಾರದು. ಜ್ವರ, ಚಳಿ, ಮೈಕೈ ನೋವಿನ ಜೊತೆ ಮೊಲೆಯ ಒಂದು ಭಾಗ ಬಿಸಿಯಾಗಿ ಗಟ್ಟಿಯಾದರೆ, ಕೀವು ಬಂದರೆ, ಗಾಯ ಮಾಯದಿದ್ದರೆ, ಗಂಟು ಉಳಿದರೆ ಅಂದೇ ಡಾಕ್ಟರಲ್ಲಿಗೆ ಹೋಗಿ. ಹೀಗೆ ಬಾತು ಬಿಸಿಯಾದ ಮೊಲೆಯನ್ನು ಗಟ್ಟಿಯಾಗಿ ತಿಕ್ಕಿ ನೀವುವುದು ಹಳೆಯ ರೂಢಿ. ಅದರಿಂದ ಬಾವು ಹೆಚ್ಚುತ್ತದೆ ಎಂದು ಈಗ ತಿಳಿದಿದೆ, ಅಲ್ಲಿಗೆ ಬಟ್ಟೆಯಲ್ಲಿ ಸುತ್ತಿದ ತಂಪೇ ಹಿತ. ಒಂದೇ ಕಡೆಯ ತೊಟ್ಟಿನಲ್ಲಿ ಹೊಟ್ಟು, ತುರಿಕೆ, ಬಣ್ಣ ಬದಲಾವಣೆ ವಾರಗಟ್ಟಲೆ ಉಳಿದರೆ ಮುಲಾಮು ಹಚ್ಚುತ್ತಾ ಕೂರಬೇಡಿ. ಅಪರೂಪಕ್ಕೆ ಅದು ಕ್ಯಾನ್ಸರಿನ ಲಕ್ಷಣವೂ ಆಗಿರಬಹುದು.

ಮನೆಯವರಿಗೂ ಒಂದು ಮಾತು. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳಿಗೆ ಸಂಬಳದ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಆದರೆ ರಜೆ ಮುಗಿದ ಮರುದಿನ ಹಾಲು ನಿಲ್ಲುವುದಿಲ್ಲ. ಮನೆಗೆ ಬಂದ ಸೊಸೆ ತಂದ ಬಾಟಲಿಯನ್ನು ಎತ್ತಿ ನೋಡಿ, 'ಇವತ್ತು ಇಷ್ಟೇನಾ' ಎನ್ನಬೇಡಿ. ಪಂಪಿನ ಭಾಗಗಳನ್ನು ತೊಳೆದು ಒಣಗಿಸುವ ಕೆಲಸವನ್ನು ಗಂಡ ಮಾಡಲಿ. ಆ ಹಾಲಿನ ಬೆಲೆ ಗೊತ್ತಾಗಬೇಕೆಂದರೆ ನಮ್ಮ ಸಾಯನ್ ಆಸ್ಪತ್ರೆಯನ್ನು ನೆನೆಯಿರಿ. 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರು ಅಲ್ಲಿ ತಾಯಿಹಾಲಿನ ಬ್ಯಾಂಕನ್ನು ತೆರೆದರು, ಅದು ಏಷ್ಯಾದಲ್ಲೇ ಮೊದಲನೆಯದು. ಬೇರೆ ತಾಯಂದಿರು ತೆಗೆದುಕೊಟ್ಟ ಹಾಲಿನಿಂದ ದಿನ ತುಂಬದೆ ಹುಟ್ಟಿದ ಶಿಶುಗಳು ಅಲ್ಲಿ ಬದುಕಿಕೊಂಡಿವೆ. ಒಂದೊಂದು ಹನಿಗೂ ಅಲ್ಲಿ ಲೆಕ್ಕವಿದೆ.

ಆ ಹುಡುಗಿ ಏನಾದಳು ಎಂದು ಕೇಳುತ್ತೀರಿ. ಮರುದಿನವೇ ಸ್ಕೇಲು ಹಿಡಿದು ಅಳೆದಳು. 17 ಮಿಲಿಮೀಟರ್ ಅಗಲದ ತೊಟ್ಟಿಗೆ ಅವಳ ಪಂಪಿನ ಜೊತೆ ಬಂದ ಪುಟ್ಟ ಒಳತುಂಡು ಬಿಗಿಯಾಗಿತ್ತು. ಅದನ್ನು ಬದಲಿಸಿದಳು. ಕೋಣೆಯ ಏಸಿ ಆರಿಸಲು ಕೇಳಿದಳು, ಮೇಲಿನವರು ಒಪ್ಪಿದರು. ಶಾಲು ಹೊದ್ದಳು. ಒಂದೇ ದಿನದಲ್ಲಿ ಎಲ್ಲ ಸರಿಹೋಗಲಿಲ್ಲ. ನೋವು ಇಳಿಯಲು ಹತ್ತು ದಿನ ಹಿಡಿಯಿತು, ನಡುವೆ ಒಮ್ಮೆ ಡಾಕ್ಟರನ್ನೂ ಕಂಡಳು. ಹಗಲು ಒಂದು ಸಲ ಪಂಪು ಮಾಡುವುದನ್ನು ಬಿಟ್ಟು, ಸಂಜೆ ಮನೆಗೆ ಬಂದು ಮಗುವಿಗೆ ನೇರವಾಗಿ ಕುಡಿಸತೊಡಗಿದಳು. ಅಷ್ಟು ಸಾಕಾಯಿತು. ಒಂದು ವೇಳೆ ಪೂರ್ತಿ ಬಿಟ್ಟಿದ್ದರೂ ನಾನು ಅವಳನ್ನು ಕೆಟ್ಟ ತಾಯಿ ಎನ್ನುತ್ತಿರಲಿಲ್ಲ. ಬಿಡುವುದಾದರೂ ತಿಳಿದು ಬಿಡಲಿ, ನೋವಿಗೆ ಹೆದರಿ ಒಬ್ಬಳೇ ಅಳುತ್ತಾ ಬಿಡುವುದು ಬೇಡ ಎಂಬುದಷ್ಟೇ ನನ್ನ ಆಸೆ.

ಈಗ ಅವಳ ತಾಯಿ ಹುಬ್ಬಳ್ಳಿಯಿಂದ ಫೋನ್ ಮಾಡಿದಾಗೆಲ್ಲ, "ಶಾಲು ಹೊದ್ಕೊಂಡ್ಯೇನ?" ಎಂದೇ ಮೊದಲು ಕೇಳುತ್ತಾರಂತೆ.

ನಿಮ್ಮ ಕಟ್ಟಡದಲ್ಲಿ, ನಿಮ್ಮ ಆಫೀಸಿನಲ್ಲಿ ಹಸುಗೂಸಿನ ತಾಯಿ ಇದ್ದರೆ, ನೀವೇ ಹೋಗಿ, 'ನೋವಿದೆಯೇನಮ್ಮಾ?' ಎಂದು ಒಮ್ಮೆ ಕೇಳಿ. ಕೇಳುವವರಿದ್ದರೆ ಹೇಳುವುದಕ್ಕೆ ಧೈರ್ಯ ಬರುತ್ತದೆ.