ಮೂರನೇ ವರ್ಷದ ಎಣಿಕೆ

ಬೆಳಗಿನ ಬಸ್ಸು ಹಿಡಿದು ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ಅಪ್ಪ ಅಮ್ಮಂದಿರೇ, ನಿಲುವಂಗಿಯೊಳಗೆ ಬೆವರುತ್ತಿರುವ ಪದವೀಧರ ಮಕ್ಕಳೇ,

ಸಂಶೋಧನಾ ಕೇಂದ್ರಗಳಲ್ಲಿ ಮೂವತ್ತು ವರ್ಷ ದುಡಿದವನು ನಾನು. ನಾನು ಬರೆದ ವಾರ್ಷಿಕ ವರದಿಗಳೇ ಮನೆಯಲ್ಲಿ ಒಂದು ಕಪಾಟು ತುಂಬಿವೆ. ಅವನ್ನು ಪೂರ್ತಿ ಓದಿದವರು ಇಬ್ಬರು: ಬರೆದ ನಾನು, ಕರಡು ತಿದ್ದಿದ ಪ್ರೆಸ್ಸಿನವರು. ಘಟಿಕೋತ್ಸವದಲ್ಲಿ ದೊಡ್ಡ ಕನಸು ಕಾಣಿರಿ ಎನ್ನುವುದು ವಾಡಿಕೆ. ನಾನು ಆ ಕಪಾಟಿನ ಬಗ್ಗೆ ಮಾತಾಡುತ್ತೇನೆ. ನಿಮ್ಮಲ್ಲಿ ಕೆಲವರು ನಾಳೆ ಅಂಥ ವರದಿಗಳನ್ನು ಬರೆಯುವವರು.

ವರದಿ ಎಂದರೆ ಎಣಿಕೆ. ನಾವು ಕೂತಿರುವ ಈ ಇಲವಾಲಕ್ಕೆ ಎಣಿಕೆಯ ಪಾಠ ಹೊಸದಲ್ಲ. 1957ರ ಸೆಪ್ಟೆಂಬರ್ 21 ಮತ್ತು 22ರಂದು ಇದೇ ಊರಿನಲ್ಲಿ ವಿನೋಬಾ ಭಾವೆಯವರ ಗ್ರಾಮದಾನ ಪರಿಷತ್ತು ನಡೆಯಿತು. ಪ್ರಧಾನಿ ನೆಹರೂ ಬಂದಿದ್ದರು, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಬಂದಿದ್ದರು. ಬೇರೆಲ್ಲೂ ಒಂದಾಗದವರು ಇಲ್ಲಿ ಒಂದು ಹೇಳಿಕೆಗೆ ಒಪ್ಪಿ ಎದ್ದರು. ಗ್ರಾಮದಾನಕ್ಕೂ ಮೊದಲು ಶುರುವಾದ, ಉಳ್ಳವರಿಂದ ಜಮೀನು ಕೇಳಿ ಇಲ್ಲದವರಿಗೆ ಕೊಡಿಸುವ ಭೂದಾನಕ್ಕೆ ವಿನೋಬಾ ಇಟ್ಟುಕೊಂಡ ಗುರಿ 5 ಕೋಟಿ ಎಕರೆ. ದಾನವಾಗಿ ಬಂದದ್ದು 40 ಲಕ್ಷ ಎಕರೆಗೂ ಮೇಲೆ. ಆದರೆ ಉಳುವವನ ಕೈ ಸೇರಿದ್ದು ಅದರಲ್ಲೊಂದು ಪಾಲು ಮಾತ್ರ. ಉಳಿದದ್ದರಲ್ಲಿ ಎಷ್ಟೋ ಕಲ್ಲುಭೂಮಿ, ಎಷ್ಟೋ ಕೋರ್ಟಿನಲ್ಲಿದ್ದ ಜಮೀನು. ದಾನಪತ್ರದ ಎಕರೆ ಬೇರೆ, ನೇಗಿಲು ಇಳಿದ ಎಕರೆ ಬೇರೆ.

ನಮ್ಮ ವರದಿಗಳಲ್ಲೂ ಹೆಚ್ಚಿನವು ದಾನಪತ್ರದ ಎಕರೆಗಳೇ. ಬಿಡುಗಡೆಯಾದ ತಳಿ ಇಷ್ಟು, ಪ್ರಾತ್ಯಕ್ಷಿಕೆ ಇಷ್ಟು, ತರಬೇತಿಗೆ ಬಂದ ರೈತರು ಇಷ್ಟು, ಹಂಚಿದ ಸಸಿ ಇಷ್ಟು. ಒಂದೂ ಸುಳ್ಳಲ್ಲ. ಎಣಿಸಲು ಸುಲಭವಾದದ್ದನ್ನು ಮಾತ್ರ ಎಣಿಸಿರುತ್ತೇವೆ, ಅಷ್ಟೆ.

ನಂಜನಗೂಡು ರಸಬಾಳೆಯನ್ನೇ ತೆಗೆದುಕೊಳ್ಳಿ. ಕಪಿಲೆಯ ಆಸುಪಾಸಿನ ಕಪ್ಪು ಮಣ್ಣು ಕೊಟ್ಟ ರುಚಿ ಅದು, ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ಅದನ್ನು ಮುಗಿಸುತ್ತಾ ಬಂದದ್ದು ಪನಾಮ ಸೊರಗು ರೋಗ. ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಏರುವ ನಾಳಗಳನ್ನೇ ಕಟ್ಟಿಹಾಕುತ್ತದೆ. ಎಲೆ ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು, ದಿಂಡಿಗೆ ಜೋತುಬೀಳುತ್ತದೆ, ಬುಡ ಸೀಳುತ್ತದೆ, ಗೆಡ್ಡೆ ಕೊಯ್ದರೆ ಕೆಂಗಂದು ಗೆರೆಗಳು. ಗಿಡ ಸತ್ತ ಮೇಲೂ ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಕಾದಿರುತ್ತದೆ. ಲ್ಯಾಟಿನ್ ಅಮೆರಿಕದ ರಫ್ತು ತೋಟಗಳಲ್ಲಿದ್ದ ಗ್ರೋ ಮಿಷೆಲ್ ತಳಿಯನ್ನು ಇದೇ ರೋಗ ನುಂಗಿದಾಗ ಅಲ್ಲಿನ ಕಂಪನಿಗಳು ಕ್ಯಾವೆಂಡಿಷ್‌ಗೆ ಹೊರಳಿಕೊಂಡವು. ನಮ್ಮ ಪಚ್ಚಬಾಳೆ ಅದೇ ಗುಂಪಿನದು. ನಂಜನಗೂಡಿನ ರೈತನೂ ಹಾಗೆ ಹೊರಳಿಕೊಳ್ಳಬಹುದು, ಹೊರಳಿಕೊಂಡವರೂ ಇದ್ದಾರೆ. ಆದರೆ ಪಚ್ಚಬಾಳೆ ರಸಬಾಳೆ ಆಗುವುದಿಲ್ಲವಲ್ಲ!

ಅಂಗಾಂಶ ಕೃಷಿಯ ಸಸಿ ರೋಗವಿಲ್ಲದೆ ಹುಟ್ಟುತ್ತದೆ. ರೋಗ ತಡೆಯುವ ಶಕ್ತಿಯನ್ನು ಪಡೆದು ಹುಟ್ಟುವುದಿಲ್ಲ. ಈ ವ್ಯತ್ಯಾಸ ನಿಮಗೆ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ನನಗೆ ಅದು ಅರ್ಥವಾದದ್ದು ತೋಟದಲ್ಲಿ. ನಾನಿದ್ದ ಕೇಂದ್ರ ಒಂದು ವರ್ಷ ಬಾಳೆ ಸಸಿಗಳನ್ನು ಧಾರಾಳವಾಗಿ ಹಂಚಿತು. ಕಾಲಂ ಭರ್ತಿಯಾಯಿತು, ಫೋಟೊ ಬಂತು, ಫೋಟೊದಲ್ಲಿ ನಾನೂ ಇದ್ದೆ. ಮೂರನೇ ವರ್ಷ ಯಾವುದೋ ಮದುವೆಗೆಂದು ಆ ಕಡೆ ಹೋದವನು ಸಸಿ ಪಡೆದ ರೈತರೊಬ್ಬರ ತೋಟಕ್ಕೆ ಇಳಿದೆ. ಅವರು ಬೈಯಲಿಲ್ಲ. "ಬನ್ನಿ ಸಾ, ನೀವೇ ಎಣಿಸ್ಕಳಿ" ಅಂದರು. ಉಳಿದ ಗಿಡ ಎಣಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆ ಎಣಿಕೆಗೆ ನಮ್ಮ ವರದಿಯಲ್ಲಿ ಕಾಲಂ ಇರಲಿಲ್ಲ; ಇರಲಿ ಎಂದು ನಾನೂ ಕೇಳಲಿಲ್ಲ.

ವರ್ಷದ ಲೆಕ್ಕ ಸೋಲನ್ನು ಮಾತ್ರ ಮುಚ್ಚುತ್ತದೆ ಅಂದುಕೊಳ್ಳಬೇಡಿ, ಗೆಲುವನ್ನೂ ಮುಚ್ಚುತ್ತದೆ. ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ರಾಗಿಯ ಹೂವು ತೀರಾ ಸಣ್ಣದು, ತನ್ನ ಪರಾಗದಿಂದಲೇ ಕಾಳು ಕಟ್ಟುವಂಥದ್ದು. ಅದರಲ್ಲಿ ಸಂಕರ ಮಾಡಲು ಕೂತವರ ಮೊದಲ ವರ್ಷಗಳ ವರದಿಯಲ್ಲಿ ಬರೆಯಲು ಏನಿದ್ದೀತು? ಅವರು ತೀರಿಕೊಂಡದ್ದು 1993ರಲ್ಲಿ. ಆಮೇಲೆ ಬಂದ, ಬೆಂಕಿ ರೋಗಕ್ಕೆ ಜಗ್ಗದ ಜಿಪಿಯು-28 ರಾಗಿಯ ವಂಶಾವಳಿ ನೋಡಿ: ಇಂಡಾಫ್-5, ಇಂಡಾಫ್-9 ಎರಡೂ ಅಲ್ಲಿವೆ. ಸತ್ತವರ ಹೆಸರಿಗೆ ಆ ತಳಿ ಬಂದ ವರ್ಷದ ಸಾಧನೆ ಜಮೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ.

ಇನ್ನು ನಮ್ಮ ವರದಿಗಳು ಬಿಡದೆ ಬಳಸುವ ಪದ, ಕಾರ್ಯತಂತ್ರ. ಈ ಪದ ಕೇಳಿದರೆ ನನಗೆ ಹುಣಸೂರು ರಸ್ತೆ ನೆನಪಾಗುತ್ತದೆ. ಇದೇ ರಸ್ತೆಯಲ್ಲಿ ಮುಂದೆ ಹೋದರೆ ಸೊಪ್ಪು ಹದ ಮಾಡುವ ತಂಬಾಕಿನ ಬ್ಯಾರನ್‌ಗಳು. ಹೊಗೆಸೊಪ್ಪಿಗೆ ಬದಲಿ ಬೆಳೆ ಎಂಬ ಮಾತನ್ನು ನಾನು ಕೆಲಸಕ್ಕೆ ಸೇರಿದಾಗಿನಿಂದ ಕೇಳುತ್ತಿದ್ದೇನೆ. ಬದಲಿ ಬೆಳೆಗಳಿಗೇನೂ ಬರವಿಲ್ಲ. ಆದರೆ ತಂಬಾಕಿಗೆ ಹರಾಜು ಮಾರುಕಟ್ಟೆ ಇದೆ. ದರಕ್ಕೆ ಜಗಳವಾದರೂ ಕೊಳ್ಳುವವನು ಅಲ್ಲಿ ನಿಂತಿರುತ್ತಾನೆ. ನಾವು ಹೇಳುವ ಹೂವಿಗೆ, ತರಕಾರಿಗೆ ಅಂಥ ಕೊಳ್ಳುವವನನ್ನು ತೋರಿಸದೆ ಬರೀ ಬೇಸಾಯ ಕ್ರಮ ಅಚ್ಚು ಹಾಕಿಸಿದರೆ ಅದು ಕಾರ್ಯತಂತ್ರವಲ್ಲ, ಕರಪತ್ರ.

ಮತ್ತೆ ಆ ತೋಟಕ್ಕೆ ಬರುತ್ತೇನೆ. ಸೊರಗಿದ ಬಾಳೆ ಕಿತ್ತ ಜಾಗದಲ್ಲಿ ಆ ರೈತರು ನೀರು ನಿಲ್ಲಿಸಿ ಭತ್ತ ನಾಟಿ ಮಾಡಿದ್ದರು. ಮುಳುಗಿದ ಮಣ್ಣಿನಲ್ಲಿ ಈ ಶಿಲೀಂಧ್ರ ಕುಗ್ಗುತ್ತದೆ ಎಂದು ನಾವು ಪುಸ್ತಕದಲ್ಲಿ ಓದಿದ್ದನ್ನು ಅವರು ಯಾರಿಂದಲೋ ಕೇಳಿ ಮಾಡಿಯೇಬಿಟ್ಟಿದ್ದರು. "ರೋಗ ಪೂರ್ತಿ ಹೋಗೋದಿಲ್ಲ, ಕಡಿಮೆಯಾಗುತ್ತೆ" ಅಂದೆ. "ಅದ್ ಸರಿ ಸಾ, ನನ್ ಈ ಮಣ್ಣಿಗೆ ಎಷ್ಟು ಬೆಳೆ ಗದ್ದೆ ಮಾಡ್ಬೇಕು?" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಪ್ರಶ್ನೆಯನ್ನು ಮದುವೆಯ ಕರೆಯೋಲೆಯ ಹಿಂದೆ ಗೀಚಿಕೊಂಡು, ಅವರು ಕೊಟ್ಟ ಒಂದು ಚಿಪ್ಪು ರಸಬಾಳೆ ಹಿಡಿದು ಹೊರಟೆ. ಅದೇ ವರ್ಷ ನಿವೃತ್ತನಾದೆ.

ಆ ಕರೆಯೋಲೆ ಈಗಲೂ ನನ್ನ ಜೇಬಿನಲ್ಲಿದೆ. ನಿಮ್ಮಲ್ಲಿ ಯಾರಿಗಾದರೂ ಬೇಕಿದ್ದರೆ ಊಟದ ಹೊತ್ತಿಗೆ ಬನ್ನಿ, ತೋಟದ ದಾರಿ ಹೇಳುತ್ತೇನೆ.